ಕೌದಿಯ ಬೆನ್ನು ನೋಡದವರು!

ದೊಡ್ಡ ಕೌದಿ ಪ್ರದರ್ಶನ ಎಂದರೆ ಈಗೀಗ ಜನ ಸೇರುತ್ತಾರೆ. ಸಂತೋಷದ ಮಾತೇ. ಆದರೆ ಸೇರಿದ ಜನ ಮಾಡುವುದೇನು? ಅರ್ಧ ಗಂಟೆಯಲ್ಲಿ ಇಡೀ ಸಭಾಂಗಣ ಸುತ್ತುವುದು, ನಾಲ್ಕು ಫೋಟೋ ಹೊಡೆಯುವುದು, ಸೀದಾ ಮಿರ್ಚಿ-ಭಜಿ ಅಂಗಡಿಗೆ ನಡೆಯುವುದು. ನಡುವೆ ಹೊಲಿದ ಹೆಣ್ಣುಮಗಳು ಎದುರಾದರೆ ಒಂದೇ ಪ್ರಶ್ನೆ: “ಹಳೇ ಸೀರಿ ತುಂಡಿಗೆ ಇಷ್ಟ್ಯಾಕವ್ವಾ ರೇಟು?”

ಇದಕ್ಕೆ ಉತ್ತರ ಕೌದಿಯ ಬೆನ್ನ ಮೇಲೇ ಇದೆ. ಮಗುಚಿ ನೋಡುವವರಿಲ್ಲ, ಅಷ್ಟೇ!

ಮುಂದಿನ ಭಾಗದಲ್ಲಿ ಕಾಣುವುದು ಬಣ್ಣ. ಹಿಂದೆ ಕಾಣುವುದು ದುಡಿಮೆ. ಪದರದ ಮೇಲೆ ಪದರ ಹಾಸಿದ ಹಳೇ ಸೀರೆ-ಧೋತರಗಳನ್ನು ಹಿಡಿದಿಟ್ಟಿರುವುದು ಒತ್ತೊತ್ತಾದ ಎಳೆ ಹೊಲಿಗೆ. ಕೈ ಹೊಲಿಗೆ ಅಲ್ಲಲ್ಲಿ ತುಸು ಓರೆಯಾಗುತ್ತದೆ. ಮಿಶನ್ ಹೊಲಿಗೆ ಪಟ್ಟಿ ಹಿಡಿದು ಗೆರೆ ಎಳೆದಂತಿರುತ್ತದೆ. ಮಿಶನ್ ಮಾಲಿಗೆ ಕೈಮಾಲಿನ ರೇಟು ತೆತ್ತು ಆಮೇಲೆ ಹಲುಬುವವರು ಈ ಒಂದು ಪಾಠ ಕಲಿತರೆ ಸಾಕು.

ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರ ಕವಂದಿಯನ್ನೇ ನೋಡಿ. ಒಂದು ಮೂಲೆಯಿಂದ ಹೊರಟ ಸೂಜಿ ಅಂಚು ಸುತ್ತಿ ಸುತ್ತಿ ಕಡೆಗೆ ನಡುವಿಗೆ ಬಂದು ನಿಲ್ಲುತ್ತದೆ. ನಾಲ್ಕು ಮೂಲೆಗೂ ಮಡಿಚಿದ ಬಟ್ಟೆಯ ‘ಫೂಲ’. ಫೂಲವಿಲ್ಲದ ಕವಂದಿ ಬೆತ್ತಲೆ ಇದ್ದಂತೆ ಎಂಬುದು ಅವರ ಎಣಿಕೆ. ಅವಸರದಲ್ಲಿ ಓಡುವವರಿಗೆ ಈ ಮೂಲೆ ಕಾಣುವುದಾದರೂ ಹೇಗೆ? ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಪಟ್ಟಿಗೆ ಸೇರಿದ್ದಾಯ್ತು, ಅವರ ಕೈಕೆಲಸಕ್ಕೆ ತಕ್ಕ ಬೆಲೆ?

ಅಮೆರಿಕದ ಹೂಸ್ಟನ್ ಪಟ್ಟಣದಲ್ಲಿ 1974ರಲ್ಲಿ ಅಂಗಡಿಯ ಮಟ್ಟದಲ್ಲಿ ಶುರುವಾದ ಕೌದಿ ಪ್ರದರ್ಶನ ಇಂದು ಜಗತ್ತಿನ ದೊಡ್ಡ ಮೇಳಗಳಲ್ಲೊಂದು. ಆ ದೇಶದ ಇಂಥ ಮೇಳಗಳಲ್ಲಿ ಬಿಳಿ ಕೈಗವಸು ತೊಟ್ಟ ಸ್ವಯಂಸೇವಕಿಯರು ನಿಂತಿರುತ್ತಾರೆ. ಕೇಳಿದವರಿಗೆ ಕೌದಿ ಮಗುಚಿ ಬೆನ್ನು ತೋರಿಸುವುದೇ ಅವರ ಕೆಲಸ. ಪ್ರತಿ ಕೌದಿಯ ಪಕ್ಕ ಹೊಲಿದವರ ಹೆಸರು, ಊರು ಬರೆದ ಚೀಟಿ. ನಮ್ಮಲ್ಲಿ? ಉದ್ಘಾಟಕರ ಹೆಸರು ಆಳೆತ್ತರದ ಬ್ಯಾನರಿನಲ್ಲಿ. ಹೊಲಿದವಳ ಹೆಸರು ಚೀಟಿಯಲ್ಲೂ ಇಲ್ಲ!

ಹೋಗುವವರು ಬೆಳಿಗ್ಗೆ, ಗದ್ದಲ ಏರುವ ಮುಂಚೆಯೇ ಹೋಗಲಿ. ಮೊದಲ ಸುತ್ತಿನಲ್ಲಿ ಕಿಸೆಗೆ ಕೈ ಹಾಕುವುದು ಬೇಡ. ಎರಡನೇ ಸುತ್ತಿಗೆ ಮನಸ್ಸಿಗೆ ಹಿಡಿದ ನಾಲ್ಕೇ ಕೌದಿ ಆರಿಸಿ, ಒಂದೊಂದರ ಮುಂದೆ ಹತ್ತು ನಿಮಿಷ ನಿಲ್ಲಲಿ. ಭಜಿ ತಿಂದ ಕೈಯಿಂದ ಮುಟ್ಟುವುದು ಬೇಡ. ಫೋಟೋಕ್ಕೆ ಮೊದಲು ಒಂದು ಮಾತು ಕೇಳಲಿ. ಹೆಸರು ಕೇಳಲಿ, ಊರು ಕೇಳಲಿ. ರೇಟು ಕೇಳುವ ಮೊದಲು “ಎಷ್ಟು ದಿನ ಹಿಡೀತವ್ವಾ?” ಅಂತ ಕೇಳಲಿ. ಅಷ್ಟು ದಿನವನ್ನು ತಮ್ಮ ಊರಿನ ದಿನಗೂಲಿಯಿಂದ ಗುಣಿಸಿದರೆ ಚೌಕಾಸಿಯ ಬಾಯಿ ತಾನಾಗಿ ಮುಚ್ಚುತ್ತದೆ. ಕೊಳ್ಳಲಾಗದಿದ್ದರೆ ಚಿಂತೆಯಿಲ್ಲ. ಮನೆಯ ಟ್ರಂಕಿನಲ್ಲಿ ಅಜ್ಜಿಯ ಸೀರೆ ಇದ್ದೀತು. ಹೊಲಿದುಕೊಡುವಿರಾ ಎಂದು ವಿಚಾರಿಸಿ ಬರಲಿ. ಆ ಕೈಗೆ ಇನ್ನೊಂದು ತಿಂಗಳ ಕೆಲಸವಾದರೂ ಸಿಕ್ಕೀತು.

ಇನ್ನು ಏರ್ಪಾಡು ಮಾಡುವವರು. ಹಾರ-ತುರಾಯಿಯ ಖರ್ಚಿನಲ್ಲಿ ಒಂದಿಷ್ಟು ಉಳಿಸಿ ಹೆಸರಿನ ಚೀಟಿ ಬರೆಸಲಿ. ಕೈಹೊಲಿಗೆ ಯಾವುದು, ಮಿಶನ್ ಹೊಲಿಗೆ ಯಾವುದು ಎಂದು ಅದರಲ್ಲೇ ನಮೂದಿಸಲಿ. ಹೊಲಿಯುವವರಿಗೆ ಕೂರಲು ಚಾಪೆ, ಕುಡಿಯಲು ನೀರು ಕೊಡಲಿ. ಇದೇನು ದೊಡ್ಡ ಬೇಡಿಕೆಯೇ?

ಹುಟ್ಟಿದ ಕೂಸಿಗೆ ಮೊದಲ ಹಾಸಿಗೆ ಕೌದಿ. ಅದರ ಮೇಲೆ ಮಲಗಿ ಬೆಳೆದವರಿಗೆ ಹೊಲಿದವಳ ಹೆಸರು ಕೇಳುವಷ್ಟು ಪುರುಸೊತ್ತು ಇಲ್ಲವೇ? ಸಂಬಂಧಪಟ್ಟವರು ಗಮನಿಸುವರೇ?