ಗಗನವಿದ್ಯೆಯೂ ಹಳ್ಳಿಯ ಉಪಾಧ್ಯಾಯರೂ

ಹಾಸನದ ಸಾಲಗಾಮೆ ರಸ್ತೆಯ ಬದಿಯಲ್ಲಿ, ಆಕಾಶದತ್ತ ಬಾಯ್ದೆರೆದ ದೊಡ್ಡ ಬೋಗುಣಿಗಳಂತೆ ಆಂಟೆನಾಗಳು ನಿಂತಿವೆ. ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರವಿದು. ಊರವರ ಬಾಯಲ್ಲಿ ಎಂ.ಸಿ.ಎಫ್. 1982ರಲ್ಲಿ ಇನ್ಸಾಟ್-1ಎ ಉಪಗ್ರಹದೊಡನೆ ಕೆಲಸಕ್ಕೆ ತೊಡಗಿದ ಈ ಕೇಂದ್ರ, ಭೂಮಿಯಿಂದ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ ನಿಶ್ಚಲವಾಗಿ ನಿಂತಂತೆ ತೋರುವ ಉಪಗ್ರಹಗಳ ಲಗಾಮನ್ನು ಇಂದಿಗೂ ಹಿಡಿದಿದೆ. ಅಲ್ಲಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರು ಸಾಗಿದರೆ ಶೆಟ್ಟಿಹಳ್ಳಿ. ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರಿನಲ್ಲಿ ಮುಳುಗಿ, ಬೇಸಗೆಯಲ್ಲಿ ಮತ್ತೆ ಮೇಲೇಳುವ ಹಳೆಯ ಇಗರ್ಜಿಯಿಂದ ಹೆಸರಾದ ಊರು. ಇಗರ್ಜಿಯನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಸಾಲಗಾಮೆ ರಸ್ತೆಯ ಬೋಗುಣಿಗಳಿಗೂ ಇಂಥ ಊರುಗಳ ಪಾಠಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಉಪಾಧ್ಯಾಯರಿಗೂ ಏನು ಸಂಬಂಧ ಎಂದು ಕೇಳಿದವರು ಮಾತ್ರ ಕಡಿಮೆ.

ಕೇಳುವ ಕಾಲ ಈಗ ಒದಗಿದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ನೆಲವನ್ನು ಮುಟ್ಟಿದ ಮೇಲೆ, ಆ ದಿನವನ್ನು ಪಾಠಶಾಲೆಗಳು ಬಾಹ್ಯಾಕಾಶ ದಿನವೆಂದು ಆಚರಿಸುತ್ತಿವೆ. ಒಂಬತ್ತನೆಯ ತರಗತಿಯ ಮಕ್ಕಳಿಗಾಗಿ ಇಸ್ರೋ 2019ರಲ್ಲಿ ‘ಯುವಿಕಾ’ ಎಂಬ ಬೇಸಗೆಯ ಶಿಬಿರವನ್ನು ಆರಂಭಿಸಿತು. ಒಳ್ಳೆಯ ಕೆಲಸವೇ. ಆದರೆ ಇಡೀ ದೇಶಕ್ಕೆ ಸೇರಿ ಆಯ್ಕೆಯಾಗುವ ಮಕ್ಕಳ ಸಂಖ್ಯೆ ನೂರುಗಳಲ್ಲಿದೆ. ಪಾಠಶಾಲೆಗಳ ಸಂಖ್ಯೆ ಲಕ್ಷಗಳಲ್ಲಿ. ಆಯ್ಕೆಯಾದ ಬಾಲಕ ಎರಡು ವಾರ ಕಳೆದು ಊರಿಗೆ ಮರಳುತ್ತಾನೆ, ಮರುವರ್ಷ ಶಾಲೆ ಬಿಟ್ಟು ಮುಂದೆ ಹೋಗುತ್ತಾನೆ. ಉಪಾಧ್ಯಾಯನಾದರೋ ಮೂವತ್ತು ವರ್ಷ ಅದೇ ಕರಿಹಲಗೆಯ ಮುಂದೆ ನಿಲ್ಲುವವನು. ಬೇಸಗೆಯ ತರಬೇತಿಗೆ ಮೊದಲು ಹಕ್ಕುದಾರರು ಯಾರೆಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ಇದು ಹೊಸ ಯೋಚನೆಯೇನೂ ಅಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದಿಂದ ಎರವಲು ಪಡೆದ ಎ.ಟಿ.ಎಸ್-6 ಉಪಗ್ರಹದ ಮೂಲಕ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಆರು ರಾಜ್ಯಗಳ 2,400 ಹಳ್ಳಿಗಳಿಗೆ ಆಕಾಶದಿಂದ ನೇರವಾಗಿ ದೂರದರ್ಶನ ಬಂದಿಳಿಯಿತು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಅದಕ್ಕೆ ಆಯ್ಕೆಯಾಗಿದ್ದವು. ಪ್ರಸಾರದ ನಾಲ್ಕು ಭಾಷೆಗಳಲ್ಲಿ ಕನ್ನಡವೂ ಒಂದು. ಶಾಲೆಗೆ ರಜವಿದ್ದಾಗ ಬೆಳಗಿನ ಪ್ರಸಾರ ಉಪಾಧ್ಯಾಯರ ಪಾಲಿಗೆ ಬಂದಿತೆಂಬುದು ಈಗ ಬಹುಮಂದಿಗೆ ಮರೆತುಹೋಗಿದೆ. 12 ದಿನಗಳ ಎರಡು ಕಂತುಗಳಲ್ಲಿ ಸುಮಾರು ಐವತ್ತು ಸಾವಿರ ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ವಿಜ್ಞಾನ ಬೋಧನೆಯ ತರಬೇತಿ ಸಿಕ್ಕಿತು. ದೂರದರ್ಶನದ ಜೊತೆಗೆ ರೇಡಿಯೋ, ಅಚ್ಚಾದ ಪಾಠ, ಕೈಯಾರೆ ಮಾಡುವ ಪ್ರಯೋಗ ಎಲ್ಲವೂ ಇದ್ದವು. ವರ್ಷ ಮುಗಿಯಿತು, ಉಪಗ್ರಹವನ್ನು ಅದರ ಒಡೆಯರು ಬೇರೆಡೆಗೆ ಸರಿಸಿಕೊಂಡರು.

2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟದಿಂದ ಏರಿದ ಎಜುಸ್ಯಾಟ್ ನಮ್ಮದೇ ಉಪಗ್ರಹ, ಶಿಕ್ಷಣಕ್ಕೆಂದೇ ಮೀಸಲಾದದ್ದು. ಚಾಮರಾಜನಗರ ಜಿಲ್ಲೆಯ ಎಂಟುನೂರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳ ಮೇಲೆ ಅದರ ಬೋಗುಣಿಗಳು ಬಂದು ಕುಳಿತವು. ಆರು ವರ್ಷ ಕಳೆಯುವ ಹೊತ್ತಿಗೆ ಆ ಉಪಗ್ರಹಕ್ಕೂ ನಿವೃತ್ತಿಯಾಯಿತು.

ಈ ಎರಡೂ ಯತ್ನಗಳನ್ನು ಸೋಲೆಂದು ಕರೆಯುವುದು ಅನ್ಯಾಯವಾದೀತು. ಆದರೂ ಒಂದು ಕೊರತೆ ಎದ್ದು ತೋರುತ್ತದೆ. ಆಕಾಶದಿಂದ ಬಂದ ಪಾಠವನ್ನು ಉಪಾಧ್ಯಾಯರು ಕೇಳಿದರು. ಪಾಠವನ್ನು ಹೊತ್ತು ತಂದ ಆಕಾಶವೇ ಅವರಿಗೆ ಪಾಠವಾಗಲಿಲ್ಲ. ಯಂತ್ರ ನಿಂತಾಗ ಕೈಯಲ್ಲಿ ಉಳಿದದ್ದು ಸ್ವಲ್ಪ. ಮುಂದೆ ನಡೆಯಬೇಕಾದ ತರಬೇತಿ ಈ ಕೊರತೆಯನ್ನು ನೀಗುವಂಥದಾಗಬೇಕು. ರಾಕೆಟ್ಟಿನ ಚಿತ್ರ ತೋರಿಸಿ, ಚಹಾ ಕೊಟ್ಟು, ಪ್ರಮಾಣಪತ್ರ ಹಂಚಿದರೆ ಅದು ತೀರ್ಥಯಾತ್ರೆಯಾದೀತೇ ಹೊರತು ವಿದ್ಯೆಯಾಗದು.

ಹಾಸನ ಸೀಮೆಯ ಉಪಾಧ್ಯಾಯರಿಗೆ ಬೇಸಗೆಯೇ ದೊಡ್ಡ ಪ್ರಯೋಗಶಾಲೆ. ಏಪ್ರಿಲ್ 24ರ ಸುಮಾರಿಗೆ, ಮಧ್ಯಾಹ್ನ 12 ಗಂಟೆ 24 ನಿಮಿಷದ ಆಸುಪಾಸಿನಲ್ಲಿ, ಶೆಟ್ಟಿಹಳ್ಳಿಯಲ್ಲಿ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳಿರುವುದಿಲ್ಲ. ಇಗರ್ಜಿಯ ಗೋಡೆಗಳು ಶಿಥಿಲವಾಗಿವೆ, ಅವುಗಳ ಬಳಿ ನಿಲ್ಲುವುದು ಬೇಡ. ಶಾಲೆಯ ಅಂಗಳವೇ ಸಾಕು. ಅದೇ ದಿನ ನಡುಹಗಲಿನಲ್ಲಿ ಬೀದರಿನ ಉಪಾಧ್ಯಾಯರೊಬ್ಬರು ಒಂದು ಮೀಟರಿನ ಕೋಲು ನೆಟ್ಟರೆ ಅದರ ನೆರಳು ಒಂಬತ್ತು ಸೆಂಟಿಮೀಟರಿಗೆ ತುಸು ಕಡಿಮೆ ಇರುತ್ತದೆ. ಎಂದರೆ ಸುಮಾರು ಐದು ಡಿಗ್ರಿಯ ಕೋನ. ಎರಡು ಊರುಗಳ ನಡುವಣ ದಕ್ಷಿಣೋತ್ತರ ಅಂತರ ಸುಮಾರು 555 ಕಿಲೋಮೀಟರು. ಐದು ಡಿಗ್ರಿಗೆ ಇಷ್ಟಾದರೆ 360 ಡಿಗ್ರಿಗೆ ಎಷ್ಟು? ತ್ರೈರಾಶಿ ಬಲ್ಲ ಹುಡುಗ 40,000 ಕಿಲೋಮೀಟರಿನ ಬಳಿ ಬಂದು ನಿಲ್ಲುತ್ತಾನೆ. ಭೂಮಿಯ ಸುತ್ತಳತೆ ಅವನ ಲೆಕ್ಕದ ಪುಸ್ತಕದಲ್ಲಿ ಅವನ ಕೈಯಿಂದಲೇ ಮೂಡುತ್ತದೆ.

ಇನ್ನೊಂದು, ನಮ್ಮ ರೈತರ ಮಳೆನಕ್ಷತ್ರ. ಅಶ್ವಿನಿ ಮಳೆ, ಭರಣಿ ಮಳೆ ಎಂದು ಹಳ್ಳಿಯ ಮಗು ಹುಟ್ಟಿದಂದಿನಿಂದ ಕೇಳುತ್ತದೆ. ಭರಣಿ ಮಳೆಯ ಹದಿನಾಲ್ಕು ದಿನ ಭರಣಿ ನಕ್ಷತ್ರ ಆಕಾಶದಲ್ಲಿ ಕಾಣುವುದೇ? ಕಾಣದು, ಸೂರ್ಯನೇ ಆ ನಕ್ಷತ್ರದ ಎದುರಿಗೆ ಬಂದು ನಿಂತಿರುತ್ತಾನೆ. ಕಾಣದ ನಕ್ಷತ್ರದಲ್ಲಿ ಸೂರ್ಯನಿದ್ದಾನೆಂದು ಹಿರಿಯರು ತಿಳಿದದ್ದು ಹೇಗೆ ಎಂಬ ಒಂದೇ ಪ್ರಶ್ನೆಯ ಮೇಲೆ ಎರಡು ದಿನ ತರಬೇತಿ ನಡೆಸಬಹುದು. ಪಂಚಾಂಗವನ್ನು ನಂಬುವವರಿಗೂ ನಗುವವರಿಗೂ ಅದರಿಂದ ಲಾಭವಿದೆ.

ಇಲ್ಲಿಂದ ಉಪಗ್ರಹಕ್ಕೆ ಹೋಗುವುದು ಕಷ್ಟವಲ್ಲ. ಮನೆಯ ಮಾಡಿನ ಡಿಶ್ ದಕ್ಷಿಣದ ಕಡೆಗೇ ಏಕೆ ವಾಲಿದೆ? ಉಪಗ್ರಹಗಳು ಭೂಮಧ್ಯರೇಖೆಯ ಮೇಲಿವೆ, ನಾವು ಅದರಿಂದ 13 ಡಿಗ್ರಿ ಉತ್ತರಕ್ಕಿದ್ದೇವೆ. ಮಾರ್ಚ್ ನಡುವೆ ಮತ್ತು ಸೆಪ್ಟೆಂಬರ್ ಕೊನೆಗೆ ಕೆಲವು ದಿನ ಹಗಲಿನಲ್ಲಿ ನಾಲ್ಕಾರು ನಿಮಿಷ ಟಿ.ವಿ. ಚಿತ್ರ ಒಡೆಯುತ್ತದೆ, ಸೂರ್ಯ ಆಗ ಉಪಗ್ರಹದ ಬೆನ್ನ ಹಿಂದೆ ಬಂದಿರುತ್ತಾನೆ. ಅದೇ ವಿಷುವದ ಕಾಲದ ರಾತ್ರಿಗಳಲ್ಲಿ ಉಪಗ್ರಹ ಭೂಮಿಯ ನೆರಳನ್ನು ಹೊಕ್ಕು, ಹೆಚ್ಚೆಂದರೆ 72 ನಿಮಿಷ ಬ್ಯಾಟರಿಯ ಮೇಲೆ ಬದುಕುತ್ತದೆ. ಸೂರ್ಯ ಚಂದ್ರರ ಸೆಳೆತದಿಂದ ಅದರ ಪಥ ಓರೆಯಾಗುತ್ತದೆ. ಆಗಾಗ ಇಂಧನ ಉರಿಸಿ ಅದನ್ನು ಸ್ಥಾನಕ್ಕೆ ತರಬೇಕು. ಎಂ.ಸಿ.ಎಫ್. ಎಂಜಿನಿಯರರ ದಿನನಿತ್ಯದ ಕೆಲಸವಿದು, ಪ್ರೌಢಶಾಲೆಯ ಪಠ್ಯದ ಗುರುತ್ವಾಕರ್ಷಣೆಗಿಂತ ಬೇರೆಯಲ್ಲ.

ಅಮೆರಿಕದ ಹಂಟ್ಸ್‌ವಿಲ್ಲಿನಲ್ಲಿ ಬೇಸಗೆಯಲ್ಲಿ ಉಪಾಧ್ಯಾಯರಿಗೆಂದೇ ಬಾಹ್ಯಾಕಾಶ ಶಿಬಿರ ನಡೆದಿದೆ. ಆ ದೇಶ ಉಪಾಧ್ಯಾಯಿನಿಯನ್ನೇ ಗಗನಕ್ಕೆ ಕಳುಹಿಸಲು ಹೊರಟದ್ದೂ ಉಂಟು. 1983ರ ಆಗಸ್ಟಿನಲ್ಲಿ ಇನ್ಸಾಟ್-1ಬಿಯನ್ನು ಹೊತ್ತೊಯ್ದ ಷಟಲ್ ನೌಕೆ ಚಾಲೆಂಜರ್. ಆ ಉಪಗ್ರಹದ ಸೌರಫಲಕ ಬಿಚ್ಚಿಕೊಳ್ಳದೆ ಸತಾಯಿಸಿದಾಗ ಸೆಪ್ಟೆಂಬರ್ ನಡುವಿನವರೆಗೆ ಹಾಸನದ ಕೇಂದ್ರ ಶ್ರಮಪಟ್ಟು ಅದನ್ನು ಬಿಡಿಸಿತು. ಅದೇ ಚಾಲೆಂಜರ್ 1986ರ ಜನವರಿ 28ರಂದು ಸಿಡಿದಾಗ ಒಳಗಿದ್ದ ಏಳು ಮಂದಿಯಲ್ಲಿ ಕ್ರಿಸ್ಟಾ ಮೆಕಾಲಿಫ್ ಎಂಬ ಉಪಾಧ್ಯಾಯಿನಿ ಇದ್ದರು. ಕಕ್ಷೆಯಿಂದ ಮಕ್ಕಳಿಗೆ ಎರಡು ಪಾಠ ಹೇಳಬೇಕೆಂದು ಅವರು ಸಿದ್ಧರಾಗಿ ಹೋಗಿದ್ದರು.

ನಮಗೆ ಬೇಕಾದದ್ದು ಅಷ್ಟು ದೂರದ್ದಲ್ಲ. ನಿಯಂತ್ರಣ ಕೊಠಡಿಯ ಬಾಗಿಲು ಎಲ್ಲರಿಗೂ ತೆರೆದಿರಲಾರದು, ಅದು ನ್ಯಾಯವೇ. ಎಂಜಿನಿಯರರು ಹೊರಗೆ ಬರಬಹುದಲ್ಲವೇ? ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಹಾಸನದಲ್ಲೇ ಇದೆ. ಏಪ್ರಿಲ್ 24 ನಡುವೆ ಬರುವಂತೆ 12 ದಿನ ಗೊತ್ತುಮಾಡಿ, ತಾಲ್ಲೂಕಿಗೆ ಹತ್ತು ಮಂದಿಯಂತೆ ಕರೆದರೆ ಆರಂಭಕ್ಕೆ ಸಾಕು. ಬಂದವರನ್ನು ಮರುವರ್ಷವೂ ಕರೆದು, ನಡುವೆ ಅವರು ಮಕ್ಕಳಿಂದ ಅಳೆಯಿಸಿದ ನೆರಳುಗಳ ಲೆಕ್ಕವನ್ನು ಕೇಳಬೇಕು. ಒಂದು ತೊಡಕನ್ನು ಮುಚ್ಚಿಡಬೇಕಾದುದಿಲ್ಲ. ಜನಗಣತಿ, ಚುನಾವಣೆ, ಮೌಲ್ಯಮಾಪನಗಳೆಲ್ಲ ಬೇಸಗೆ ರಜವನ್ನೇ ತಿನ್ನುತ್ತ ಬಂದಿವೆ. ತರಬೇತಿ ಎಂದೊಡನೆ ಉಪಾಧ್ಯಾಯರ ಮುಖ ಬಾಡುವುದು ಸಹಜ. ಆದುದರಿಂದ ಈ 12 ದಿನಗಳಿಗೆ ತಕ್ಕ ಗಳಿಕೆ ರಜೆ ಸೇವಾ ಪುಸ್ತಕದಲ್ಲಿ ನಮೂದಾಗುವುದೆಂಬ ಆದೇಶ, ಕರೆಯೋಲೆಯೊಡನೆಯೇ ಶಾಲೆಗಳಿಗೆ ತಲುಪಬೇಕು.