“ಯಾರು ಮಾಡಿದ್ದು?” ಎಂಬ ಒಂದೇ ಪ್ರಶ್ನೆ ಸಾಲದು



ನಮ್ಮ ತಾಳವಾಡಿ ಸೀಮೆಯಿಂದ ದುಡಿಯಲು ಹೊರಗೆ ಹೋದವರು ಬಹಳ. ತಿರುಪ್ಪೂರಿನ ಬನಿಯನ್ ಕಂಪನಿಯಾಗಲಿ, ಕೊಯಮತ್ತೂರಿನ ಮಿಲ್ಲಾಗಲಿ, ಮೈಸೂರಿನ ಆಸ್ಪತ್ರೆಯಾಗಲಿ, ಒಂದು ಪದ್ಧತಿ ಎಲ್ಲ ಕಡೆ ಕಾಣುತ್ತದೆ. ಏನಾದರೂ ಕೆಟ್ಟರೆ ಮೊದಲ ಪ್ರಶ್ನೆ “ಯಾರು ಮಾಡಿದ್ದು?” ಉತ್ತರ ಆಗಲೇ ಸಿದ್ಧವಾಗಿರುತ್ತದೆ: ಎಲ್ಲರಿಗಿಂತ ಕೆಳಗಿರುವವನು. ಅವನನ್ನು ಎಲ್ಲರೆದುರು ಬಯ್ಯುತ್ತಾರೆ, ಸಂಬಳದಲ್ಲಿ ಹಿಡಿಯುತ್ತಾರೆ, ನಾಳೆಯಿಂದ ಬರಬೇಡ ಎನ್ನುತ್ತಾರೆ. ಇದನ್ನು ಶಿಸ್ತು ಎಂದು ಕರೆಯಲು ನಾವು ಒಪ್ಪುವುದಿಲ್ಲ. ಇದು ಮೇಲಿನವರು ತಪ್ಪಿಸಿಕೊಳ್ಳುವ ದಾರಿ, ಅಷ್ಟೆ.

ಉದಾಹರಣೆಗೆ ದೂರ ಹೋಗಬೇಕಿಲ್ಲ. ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕೆ ಹೋಗುವುದಕ್ಕಿಂತ ನಮಗೆ ಚಾಮರಾಜನಗರವೇ ಹತ್ತಿರ. 2021ರ ಮೇ 2 ಮತ್ತು 3ರ ನಡುವೆ, ಕೋವಿಡ್ ಎರಡನೇ ಅಲೆಯಲ್ಲಿ, ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ಸತ್ತರು. ಆಮ್ಲಜನಕ ಮುಗಿದಿತ್ತು. ಮಾರನೆಯ ದಿನದಿಂದ ನಡೆದದ್ದೇನು? ಮೈಸೂರಿನಿಂದ ಸಿಲಿಂಡರ್ ಬರಲಿಲ್ಲ ಎಂದು ಒಂದು ಕಡೆಯವರು, ನಾವು ತಡೆದೇ ಇಲ್ಲ ಎಂದು ಇನ್ನೊಂದು ಕಡೆಯವರು. ಆಮ್ಲಜನಕವಿಲ್ಲದೆ ಸತ್ತವರು ಮೂವರೇ ಎಂದು ಸರ್ಕಾರ ಮೊದಲು ಹೇಳಿತು. ಕೊನೆಗೆ ಹೈಕೋರ್ಟ್ ಮುಂದೆ ಬಂದ ನಿವೃತ್ತ ನ್ಯಾಯಮೂರ್ತಿಗಳ ನೇತೃತ್ವದ ಸಮಿತಿಯ ವರದಿ, ಸಾವುಗಳಿಗೆ ಆಮ್ಲಜನಕದ ಕೊರತೆಯೇ ಕಾರಣ ಎಂದಿತು. ಮೈಸೂರಿನ ಆಡಳಿತ ಪೂರೈಕೆ ತಡೆಯಿತು ಎಂಬುದಕ್ಕೆ ಆಧಾರವಿಲ್ಲ ಎಂದೂ ಹೇಳಿತು.

ಸಿಲಿಂಡರ್ ಎಷ್ಟು ಉಳಿದಿದೆ, ಎಷ್ಟು ಗಂಟೆಗೆ ಸಾಕು, ಕಡಿಮೆಯಾದರೆ ಯಾರಿಗೆ ಹೇಳಬೇಕು, ಹೇಳಿದ್ದನ್ನು ಕೇಳುವವರು ಯಾರು? ಜೀವ ಉಳಿಸುವ ಪ್ರಶ್ನೆಗಳು ಇವು. ಇವನ್ನು ಮೊದಲೇ ಕೇಳಬೇಕು. ಬಾಯಿಬಿಟ್ಟರೆ ಕೆಲಸ ಹೋಗುತ್ತದೆ ಎಂಬ ಭಯವಿರುವ ಕಡೆ ಯಾರೂ ಕೇಳುವುದಿಲ್ಲ.

ವಿಮಾನದವರು ಈ ಪಾಠವನ್ನು ರಕ್ತ ಕೊಟ್ಟು ಕಲಿತರು. 1974ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ ಬಳಿ ಒಂದು ವಿಮಾನ ಬೆಟ್ಟಕ್ಕೆ ಬಡಿದು 92 ಮಂದಿ ಸತ್ತರು. ಕೆಲವೇ ವಾರ ಮೊದಲು ಬೇರೆ ಕಂಪನಿಯ ವಿಮಾನ ಅದೇ ಜಾಗದಲ್ಲಿ ಅದೇ ರೀತಿ ಸ್ವಲ್ಪದರಲ್ಲಿ ಪಾರಾಗಿತ್ತು. ಆ ಕಂಪನಿ ತನ್ನ ಪೈಲಟ್‌ಗಳಿಗೆ ಎಚ್ಚರಿಕೆ ಕೊಟ್ಟಿತು, ಉಳಿದವರಿಗೆ ಸುದ್ದಿ ಮುಟ್ಟಲಿಲ್ಲ. 1976ರಲ್ಲಿ ಅಮೆರಿಕ ಒಂದು ವ್ಯವಸ್ಥೆ ತಂದಿತು. ಪೈಲಟ್ ತನ್ನ ತಪ್ಪನ್ನು ತಾನೇ ಬರೆದು ತಿಳಿಸಬಹುದು, ಹೆಸರು ಗುಟ್ಟಾಗಿರುತ್ತದೆ. ಶಿಕ್ಷಿಸುವ ಇಲಾಖೆಯ ಕೈಗೆ ಕೊಡದೆ ಅದನ್ನು ನಾಸಾಗೆ ವಹಿಸಿದರು. ಬೇಕೆಂದೇ ಮಾಡಿದ್ದಕ್ಕೂ ಅಪರಾಧಕ್ಕೂ ಅಲ್ಲಿ ರಕ್ಷಣೆಯಿಲ್ಲ.

ನ್ಯಾಯ ಎಂದರೆ ಈ ವಿಂಗಡಣೆಯೇ. ಕೈತಪ್ಪಿ ಆದದ್ದು ಬೇರೆ. ಅಂಥವನಿಗೆ ಧೈರ್ಯ ಹೇಳಿ, ಕೆಲಸದ ರೀತಿ ಸರಿಪಡಿಸಬೇಕು. ಅಪಾಯ ಗೊತ್ತಿದ್ದೂ ಉದಾಸೀನ ಮಾಡಿದ್ದು ಬೇರೆ. ಅದಕ್ಕೆ ಉತ್ತರ ಕೊಡಲೇಬೇಕು. ಬೇಕೆಂದೇ ಮಾಡಿದ್ದು ಬೇರೆ; ಅದಕ್ಕೆ ಶಿಕ್ಷೆಯೇ ಆಗಬೇಕು. ಹದಿನಾಲ್ಕು ಗಂಟೆ ನಿಂತು ದುಡಿದ ಹುಡುಗಿಯ ಕೈ ತಪ್ಪಿದರೆ, ಹದಿನಾಲ್ಕು ಗಂಟೆ ನಿಲ್ಲಿಸಿದವನನ್ನೂ ಕೇಳಬೇಕು. ಅಧಿಕಾರ ಎಷ್ಟೋ ಹೊಣೆಯೂ ಅಷ್ಟೇ.

ಕಾನೂನು ತಿಳಿದಿರಲಿ. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ, 2019ರ ವೇತನ ಸಂಹಿತೆಯಲ್ಲೂ ಉಳಿದಿರುವ ನಿಯಮ ಇದು: ದಂಡ ಆ ಅವಧಿಯ ಸಂಬಳದ ಶೇ. 3ನ್ನು ಮೀರಬಾರದು. ವಿವರಣೆಗೆ ಅವಕಾಶ ಕೊಡದೆ ದಂಡ ಹಾಕುವಂತಿಲ್ಲ. ನಷ್ಟಕ್ಕೆಂದು ಸಂಬಳ ಹಿಡಿಯುವುದು ನೌಕರನ ನಿರ್ಲಕ್ಷ್ಯವೇ ನೇರ ಕಾರಣವಾಗಿದ್ದರೆ ಮಾತ್ರ, ಅದೂ ಆದ ನಷ್ಟಕ್ಕಿಂತ ಹೆಚ್ಚಲ್ಲ. ದಂಡದ ಹಣ ಕಾರ್ಮಿಕರ ಒಳಿತಿಗೇ ಹೋಗಬೇಕು, ಮಾಲೀಕನ ಜೇಬಿಗಲ್ಲ.

“ನಾವು ಕ್ರೈಸ್ತರು, ಕ್ಷಮಿಸಿ ಸುಮ್ಮನಿರೋಣ” ಎನ್ನುವವರೂ ಇದ್ದಾರೆ. ಬಡವನ ತಪ್ಪಿಗೆ ದಂಡ, ದೊಡ್ಡವರ ತಪ್ಪಿಗೆ ಕ್ಷಮೆ ಎಂದಾದರೆ ಅದು ಕ್ಷಮೆಯಲ್ಲ, ಮುಚ್ಚಿಹಾಕುವುದು. ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಕ್ರಮ ನೆನಪಿರಲಿ: ಮೊದಲು ಒಬ್ಬನೊಡನೆ ಮಾತು, ಆಮೇಲೆ ಒಬ್ಬಿಬ್ಬರ ಮುಂದೆ, ಕೊನೆಗೆ ಸಭೆಯ ಮುಂದೆ. ನಮ್ಮ ಕೆಲಸದ ಜಾಗಗಳು ಸಭೆಯಿಂದಲೇ ಶುರು ಮಾಡುತ್ತವೆ!

ಆದ್ದರಿಂದ ದುಡಿಯುವ ಮಿತ್ರರೇ, ಸಂಬಳ ಹಿಡಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಒಬ್ಬರೇ ಹೋಗಬೇಡಿ, ಜೊತೆಗಾರರೊಡನೆ ಹೋಗಿ. ಸೂಪರ್‌ವೈಸರ್ ಆದವರೇ, ತಪ್ಪು ಬಂದು ಹೇಳಿದವನನ್ನು ಆ ದಿನ ಬಯ್ಯಬೇಡಿ; “ಇದು ಹೇಗಾಯಿತು?” ಎಂದು ಕೇಳಿ. ಹಬ್ಬದ ಲೆಕ್ಕದಲ್ಲಿ ಹಣ ಕಡಿಮೆ ಬಂದಾಗ ನಮ್ಮ ಯುವಕ ಸಂಘವೂ ಮೊದಲು ಇದನ್ನೇ ಕೇಳಲಿ. ಧರ್ಮಕೇಂದ್ರದಲ್ಲಿ ನಾವು ಪಾಲಿಸದ ನ್ಯಾಯವನ್ನು ಕಂಪನಿಯ ಗೇಟಿನ ಮುಂದೆ ಕೇಳಲು ನಮಗೆ ಬಾಯಿ ಇರುವುದಿಲ್ಲ.