ಹಳೆಯ ದೋಣಿಗೆ ಹಾಕಿದ ಹಣ

ಕಳೆದ ಬೇಸಿಗೆಯ ರಜೆಯಲ್ಲಿ ನಾನು ನಮ್ಮ ಮನೆಯ ಹಳೆಯ ಮರದ ದೋಣಿಯೊಂದನ್ನು ದುರಸ್ತಿ ಮಾಡಿಸಿದೆನೆಂಬ ಸುದ್ದಿ ಹೇಗೋ ಕಾಲೇಜಿಗೆ ಬಂದು ಮುಟ್ಟಿತು. ಅಂದಿನಿಂದ ಸಹಪಾಠಿಗಳು ನನ್ನನ್ನು ‘ನಾವಿಕ’ನೆಂದು ಕರೆಯತೊಡಗಿದ್ದಾರೆ. ಅದಕ್ಕೆ ನನ್ನ ಆಕ್ಷೇಪಣೆಯೇನೂ ಇಲ್ಲ. ಆದರೆ ಅರ್ಥಶಾಸ್ತ್ರ ಓದುತ್ತಿರುವ ಮಿತ್ರನೊಬ್ಬ ನಾಲ್ಕು ಜನರ ಎದುರಿಗೆ, “ಹದಿನೇಳೂವರೆ ಸಾವಿರ ರೂಪಾಯಿ! ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗಾಯಿತಲ್ಲೋ” ಎಂದುಬಿಟ್ಟ. ಅಂದು ನನಗೆ ಉತ್ತರ ತೋಚಲಿಲ್ಲ. ತೋಚುವ ಹೊತ್ತಿಗೆ ಅವನು ಬಸ್ಸು ಹತ್ತಿ ಹೋಗಿದ್ದ. ಆದ್ದರಿಂದ ಆ ಉತ್ತರವನ್ನು ಈ ವಾರ್ಷಿಕ ಸಂಚಿಕೆಯ ಮೂಲಕ ಅವನಿಗೆ ತಲುಪಿಸುತ್ತಿದ್ದೇನೆ. ಅಧ್ಯಾಪಕರೂ ಇದನ್ನು ಓದಿ, ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ತಿದ್ದಬೇಕೆಂದು ವಿನಂತಿ.

ನಮ್ಮ ಮನೆಯಿರುವುದು ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆ ಕಡಲನ್ನು ಸೇರುವ ಅಳಿವೆಯ ಬದಿಗೆ. ದೋಣಿ ೧೬ ಅಡಿ ಉದ್ದದ್ದು. ಹಲಗೆಗಳನ್ನು ಜೋಡಿಸಿ ಮಾಡಿದ್ದು. ಅಜ್ಜನ ಕಾಲದಲ್ಲಿ ಗಜನಿ ಗದ್ದೆಯ ಕಗ್ಗ ಭತ್ತವನ್ನು ಮನೆಗೆ ತಂದದ್ದು ಅದರಲ್ಲಿ. ನೆಂಟರು ಆಚೆ ದಡದಿಂದ ಬಂದದ್ದು ಅದರಲ್ಲಿ. ನೀರು ಇಳಿದಾಗ ಮನೆಯ ಹೆಂಗಸರು ಬಳಚು ಹೆಕ್ಕಲು ಹೋದದ್ದೂ ಅದರಲ್ಲಿಯೇ. ಅಜ್ಜನ ಮೊಣಕಾಲು ಸೋತ ಮೇಲೆ ಅದನ್ನು ಎಳೆದು ಅಂಗಳದ ಮೂಲೆಗೆ ಹಾಕಿದರು. ಆರು ಮಳೆಗಾಲ ಅದು ಅಲ್ಲಿಯೇ ಬಿದ್ದಿತ್ತು. ಕೋಳಿಗಳು ಅದರಲ್ಲಿ ಮೊಟ್ಟೆಯಿಡುತ್ತಿದ್ದವು. ಬಳಚು ಹೆಕ್ಕಲು ಹೋಗುವ ನನ್ನ ಚಿಕ್ಕಮ್ಮ ಮಾತ್ರ ಬೇರೆಯವರ ದೋಣಿಯಲ್ಲಿ ಹೋಗಿ, ಸಿಕ್ಕಿದ್ದರಲ್ಲಿ ಒಂದು ಪಾಲನ್ನು ದೋಣಿಯವರಿಗೆ ಕೊಟ್ಟು ಬರುತ್ತಿದ್ದಳು. ಮನೆಯಲ್ಲಿ ದೋಣಿಯಿದ್ದೂ ಬಾಡಿಗೆ ಕೊಡುವುದು ನನಗೆ ಸರಿಯೆನಿಸಲಿಲ್ಲ.

ನನ್ನಲ್ಲಿದ್ದುದು ೨೦,೦೦೦ ರೂಪಾಯಿ. ಎರಡು ವರ್ಷ ರಜೆಯಲ್ಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆದು ಕೂಡಿಟ್ಟದ್ದು. ಲ್ಯಾಪ್‌ಟಾಪ್ ಕೊಳ್ಳುವುದಕ್ಕೆಂದು ಇಟ್ಟದ್ದು. ಅದನ್ನು ದೋಣಿಗೆ ಹಾಕುತ್ತೇನೆಂದಾಗ ಅಪ್ಪ ಎರಡು ದಿನ ಮಾತು ಬಿಟ್ಟರು. ಅಜ್ಜನಾದರೂ ಸಂತೋಷಪಟ್ಟಾರೆಂದು ನಾನು ಎಣಿಸಿದ್ದರೆ ಅವರು, “ಸತ್ತ ದೋಣಿಗೆ ಎಂತಕ್ಕೆ ದುಡ್ಡು, ತಮಾ? ಒಡೆದು ಒಲೆಗೆ ಹಾಕು” ಎಂದರು. ಹಳೆಯ ವಸ್ತುವಿನ ಮೇಲಿನ ಮೋಹ ನಮ್ಮಂತಹ ಓದುವ ಹುಡುಗರಿಗೆ ಇರಬಹುದು. ದುಡಿದವರಿಗೆ ಅದು ಅಷ್ಟಾಗಿ ಇರುವುದಿಲ್ಲ. ಆದುದರಿಂದ ನಾನು ಇಲ್ಲಿ ಮೋಹದ ಮಾತನ್ನು ಬದಿಗಿಟ್ಟು ಲೆಕ್ಕದ ಮಾತನ್ನೇ ಆಡುತ್ತೇನೆ.

ಮೊದಲನೆಯ ಪ್ರಶ್ನೆ: ದುರಸ್ತಿಗೆ ಯೋಗ್ಯವಾದ ದೋಣಿ ಯಾವುದು? ಎಲ್ಲ ಹಳೆಯ ದೋಣಿಗಳೂ ಯೋಗ್ಯವಲ್ಲ. ನಮ್ಮೂರಿನ ವೃದ್ಧ ಆಚಾರಿಯವರು ಬಂದು, ಬಣ್ಣವನ್ನಾಗಲಿ ಮೇಲಂಚನ್ನಾಗಲಿ ನೋಡದೆ, ದೋಣಿಯನ್ನು ಕವುಚಿ ಹಾಕಿಸಿ ಚೂರಿಯ ತುದಿಯಿಂದ ಅಡಿಯ ಉದ್ದಿಮರವನ್ನೂ ಮುಂದಿನ ಹಿಂದಿನ ಮೂತಿಮರಗಳನ್ನೂ ಚುಚ್ಚಿ ನೋಡಿದರು. ಗಟ್ಟಿಮರಕ್ಕೆ ಚೂರಿ ಇಳಿಯುವುದಿಲ್ಲ. ಕೊಳೆತ ಮರಕ್ಕೆ ಬೆಣ್ಣೆಗೆ ಇಳಿದಂತೆ ಇಳಿಯುತ್ತದೆ. ಈ ಮೂರೂ ಗಟ್ಟಿಯಿದ್ದರೆ ಹಲಗೆಗಳು ಹೋಗಿದ್ದರೂ ದೋಣಿ ಬದುಕುತ್ತದೆ. ಇವು ಹೋಗಿದ್ದರೆ ಅಜ್ಜನ ಮಾತೇ ಸರಿ. ಒಲೆಯೇ ಅದಕ್ಕೆ ಗತಿ. ನಮ್ಮ ದೋಣಿಯಲ್ಲಿ ಇವು ಮೂರೂ ಗಟ್ಟಿಯಿದ್ದವು. ಕೆಳಗಿನ ಮೂರು ಹಲಗೆಗಳು ಹೋಗಿದ್ದವು. ಮೊಳೆಗಳು ತುಕ್ಕು ಹಿಡಿದಿದ್ದವು.

ಇಲ್ಲಿ ನಾನು ಕಲಿತ ಸಂಗತಿಯೊಂದನ್ನು ಹೇಳಬೇಕು. ದೋಣಿಯನ್ನು ಕೆಡಿಸಿದ್ದು ಉಪ್ಪುನೀರೆಂದು ನಾನು ತಿಳಿದಿದ್ದೆ. ಕೆಡಿಸಿದ್ದು ಅಂಗಳ. ಮರವನ್ನು ಕೊಳೆಸುವ ಬೂಷ್ಟಿಗೆ ಸಿಹಿನೀರು ಇಷ್ಟ, ಉಪ್ಪು ಕಷ್ಟ. ಆರು ವರ್ಷ ಮಳೆಯ ನೀರು ದೋಣಿಯ ಹೊಟ್ಟೆಯಲ್ಲಿ ನಿಂತು ಹಲಗೆಯನ್ನು ಕೊಳೆಸಿತ್ತು. ಬೇಸಿಗೆಯ ಬಿಸಿಲು ಉಳಿದುದನ್ನು ಒಣಗಿಸಿ ಸಂದು ಬಿಡಿಸಿತ್ತು. ಹೊಳೆಯಲ್ಲೂ ಶತ್ರುವಿಲ್ಲವೆಂದಲ್ಲ. ಮರ ಕೊರೆಯುವ ಹಡಗುಹುಳವೆಂಬುದೊಂದು ಉಪ್ಪುನೀರಿನಲ್ಲಿದೆ. ಹೆಸರಿಗೆ ಹುಳ, ನಿಜವಾಗಿ ಅದು ನಾವು ತಿನ್ನುವ ಬಳಚಿನ ದಾಯಾದಿ, ಎರಡು ಚಿಪ್ಪಿನ ಪ್ರಾಣಿ. ಆದರೆ ದೋಣಿಯನ್ನು ಆಗಾಗ ದಡಕ್ಕೆಳೆದು ಒಣಗಿಸಿದರೆ, ತಳಕ್ಕೆ ತೆಂಗಿನ ಗರಿಯ ಉರಿಯನ್ನು ಹದವಾಗಿ ತೋರಿಸಿದರೆ ಅದು ಸಾಯುತ್ತದೆಂಬುದನ್ನು ನಮ್ಮ ಹಿರಿಯರು ಬಲ್ಲರು. ಮಳೆಗಾಲದಲ್ಲಿ ದೋಣಿಯ ಮೇಲೆ ಮಡಲಿನ ಚಪ್ಪರ ಹಾಕುತ್ತಿದ್ದುದೂ ಸುಮ್ಮನೆ ಅಲ್ಲ. ಆರು ವರ್ಷದ ಹಿಂದೆ ಆ ಚಪ್ಪರವೊಂದನ್ನು ನಾವು ಹಾಕಿದ್ದರೆ ಈ ಲೇಖನದ ಅಗತ್ಯವೇ ಇರುತ್ತಿರಲಿಲ್ಲ.

ಇನ್ನು ನನ್ನ ತಪ್ಪಿನ ಕಥೆ. ಆಚಾರಿಯವರು ಕೆಳಗಿನ ಹಲಗೆಗಳನ್ನು ಬದಲಿಸಿ ಸಂಬಂಧಿಕರ ಮದುವೆಗೆಂದು ನಾಲ್ಕು ದಿನ ಹೋದರು. “ನಾನು ಬರೂವರೆಗೆ ಸಂದಿಗೆ ಕೈ ಹಾಕಬೇಡ” ಎಂದು ಹೇಳಿಯೇ ಹೋದರು. ನನಗೆ ಅವಸರ. ಮೇಲಿನ ಹಳೆಯ ಹಲಗೆಗಳ ನಡುವೆ ಬೆರಳಿನ ಉಗುರು ತೂರುವಷ್ಟು ಸಂದು. ಪೇಟೆಗೆ ಹೋಗಿ, ಕಲ್ಲಿನಂತೆ ಗಟ್ಟಿಯಾಗುವ ರಾಸಾಯನಿಕ ಅಂಟನ್ನೂ ಪುಟ್ಟಿಯನ್ನೂ ೨,೬೦೦ ರೂಪಾಯಿಗೆ ತಂದು ಸಂದುಗಳನ್ನೆಲ್ಲ ಒತ್ತಿ ತುಂಬಿದೆ. ನೋಡಲು ಬಹು ಚೆಂದವಾಗಿತ್ತು. ಗೆಳೆಯರನ್ನು ಕೂಡಿಸಿ ದೋಣಿಯನ್ನು ನೀರಿಗೂ ಇಳಿಸಿದೆ. ಮೊದಲ ದಿನ ಹನಿ ನೀರು ಒಳಗೆ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹೋಗಿ ನೋಡಿದರೆ ದೋಣಿ ಅರ್ಧ ಮುಳುಗಿ ನಿಂತಿದೆ. ಬಲಬದಿಯ ಒಂದು ಹಲಗೆ ಮೊಳೆ ಸಮೇತ ಬಾಗುಮರದಿಂದ ಎದ್ದು ನಿಂತಿದೆ.

ಮರ ನೀರು ಕುಡಿದು ಉಬ್ಬುತ್ತದೆ. ಒಣಗಿದ ದೋಣಿಯ ಸಂದು, ಆ ಉಬ್ಬಿಗೆಂದು ಇರುವ ಜಾಗ. ಆ ಜಾಗವನ್ನು ಕಲ್ಲಿನಂತಹ ವಸ್ತುವಿನಿಂದ ತುಂಬಿದ್ದರಿಂದ ಉಬ್ಬಿದ ಹಲಗೆಗಳಿಗೆ ಹೋಗಲು ಎಡೆಯಿಲ್ಲದೆ ಒಂದನ್ನೊಂದು ದೂಡಿ ಮೊಳೆಯನ್ನೇ ಕಿತ್ತಿದ್ದವು. ಆಚಾರಿಯವರು ಬಂದು ನೋಡಿದರು, ಬೈಯಲಿಲ್ಲ. “ಮರಕ್ಕೆ ಉಸುರು ಬಿಡೂಕೆ ಜಾಗ ಬೇಕು, ತಮಾ. ನೀನು ಅದರ ಬಾಯಿ ಹೊಲಿದೆ” ಎಂದರು. ಅಂದಿನ ಅವಮಾನ ಪರೀಕ್ಷೆಯಲ್ಲಿ ನಪಾಸಾದಾಗಲೂ ನನಗೆ ಆಗಿರಲಿಲ್ಲ. ನಾನು ತುಂಬಿದುದನ್ನೆಲ್ಲ ಉಳಿಯಿಂದ ಕೆತ್ತಿ ತೆಗೆಯಲು ನನಗೆ ಐದು ದಿನ ಹಿಡಿಯಿತು.

ಅನಂತರ ಕೆಲಸ ಕ್ರಮದಂತೆ ನಡೆಯಿತು. ಹತ್ತಿಯನ್ನು ಬತ್ತಿಯಂತೆ ಹೊಸೆದು, ಎಣ್ಣೆಯಲ್ಲಿ ಅದ್ದಿ, ಮೊಂಡು ಉಳಿ ಕೊಡತಿಗಳಿಂದ ಸಂದಿನೊಳಗೆ ಕೂರಿಸುವುದು. ಬಲವಾಗಿ ಹೊಡೆಯಬಾರದು, ಸಡಿಲವೂ ಬಿಡಬಾರದು. ಅದರ ಮೇಲೆ ರಾಳದ ಪುಡಿಯನ್ನು ಎಣ್ಣೆಯಲ್ಲಿ ಕಾಯಿಸಿದ ಮೇಣ. ಹೊರಮೈಗೆ ಗೇರುಬೀಜದ ಸಿಪ್ಪೆಯ ಎಣ್ಣೆ. ಕೈಗೆ ತಗಲಿದರೆ ಸುಡುತ್ತದೆ, ಹುಳಕ್ಕೂ ಅದೇ ಭಯ. ಮೊಳೆಯ ವಿಷಯದಲ್ಲಿಯೂ ನನಗೊಂದು ಪಾಠವಾಯಿತು. ತಾಮ್ರದ ಮೊಳೆ ಉತ್ತಮವೆಂದು ಎಲ್ಲಿಯೋ ಓದಿ ಅದನ್ನೇ ತರಲು ಹೊರಟಿದ್ದೆ. ಆಚಾರಿಯವರು ಬೇಡವೆಂದರು. ಕಾರಣವನ್ನು ವಿಜ್ಞಾನ ಓದುವ ಗೆಳೆಯನೊಬ್ಬ ವಿವರಿಸಿದ: ಹಳೆಯ ಕಬ್ಬಿಣದ ಮೊಳೆಯ ನೆರೆಯಲ್ಲಿ ತಾಮ್ರವಿದ್ದು, ಎರಡಕ್ಕೂ ಉಪ್ಪುನೀರು ಸೋಕಿದರೆ ಅದೊಂದು ವಿದ್ಯುತ್ಕೋಶದಂತಾಗಿ ಕಬ್ಬಿಣ ಬೇಗ ಸವೆಯುತ್ತದೆ. ಎಲ್ಲ ಮೊಳೆಗಳನ್ನೂ ಬದಲಿಸುವ ಶಕ್ತಿಯಿಲ್ಲದವನು ಸತುವಿನ ದಪ್ಪ ಲೇಪವಿರುವ ಕಬ್ಬಿಣದ ಮೊಳೆಯನ್ನೇ ಹಾಕುವುದು ಲೇಸು. ಎಷ್ಟೋ ಬಾರಿ ಬಡವನಿಗೆ ಎಟುಕುವ ವಸ್ತುವೇ ಯೋಗ್ಯವಾದ ವಸ್ತುವೂ ಆಗಿರುತ್ತದೆ.

ಈಗ ಮಿತ್ರನು ಕೇಳಿದ ಲೆಕ್ಕ. ಆಚಾರಿಯವರ ಕೂಲಿ ದಿನಕ್ಕೆ ೧,೧೦೦ರಂತೆ ೮ ದಿನಕ್ಕೆ ೮,೮೦೦. ಎರಡು ವರ್ಷದ ಹಿಂದೆ ಗಾಳಿಗೆ ಬಿದ್ದು ಒಣಗಿದ್ದ ನಮ್ಮದೇ ಹಲಸಿನ ಮರವನ್ನು ಹಲಗೆ ಕೊಯ್ಯಿಸಿದ್ದಕ್ಕೆ ೧,೫೦೦. ಅದನ್ನು ಸಾಗಿಸಿದ ಬಾಡಿಗೆ ೧,೨೦೦. ಮೊಳೆ ೬೦೦. ಹತ್ತಿ, ರಾಳ, ಎಣ್ಣೆ ೧,೯೦೦. ಬಣ್ಣ ೯೦೦. ನನ್ನ ಅವಸರದ ಬೆಲೆ ೨,೬೦೦. ಒಟ್ಟು ೧೭,೫೦೦. ಅವಸರವನ್ನು ಕಳೆದರೆ ೧೪,೯೦೦. ಈ ಪಟ್ಟಿಯಲ್ಲಿ ಕಣ್ಣಿಗೆ ಕಾಣುವುದು ಬಣ್ಣವೊಂದೇ. ಅದಕ್ಕೆ ಹೋದದ್ದು ಸಾವಿರಕ್ಕೂ ಕಡಿಮೆ. ಉಳಿದುದೆಲ್ಲ ನೀರಿನ ಕೆಳಗೆ, ಕಾಣದ ಕಡೆಗೆ ಹೋಯಿತು. ಕಡಿಮೆ ಹಣದಲ್ಲಿ ಹಳೆಯದನ್ನು ಎತ್ತಿ ನಿಲ್ಲಿಸುವವನು ಮೊದಲು ಕಾಣದ ಕಡೆಗೆ ಖರ್ಚು ಮಾಡಬೇಕು. ಉಳಿದರೆ ಕಾಣುವ ಕಡೆಗೆ. ನಾವು ಸಾಮಾನ್ಯವಾಗಿ ಇದರ ತಿರುವುಮುರುವು ಮಾಡುತ್ತೇವೆ.

“ಅದೆಲ್ಲ ಸರಿ, ಫೈಬರ್ ದೋಣಿ ಕೊಳ್ಳಬಾರದಿತ್ತೆ?” ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ನ್ಯಾಯವಾದದ್ದು. ಫೈಬರ್ ದೋಣಿ ಹಗುರ; ಕೊಳೆಯುವುದಿಲ್ಲ, ಹುಳ ಹಿಡಿಯುವುದಿಲ್ಲ, ವರ್ಷವರ್ಷವೂ ಎಣ್ಣೆ ಕೇಳುವುದಿಲ್ಲ. ದಿನವೂ ಮೀನಿಗೆ ಹೋಗಿ ಸಂಸಾರ ನಡೆಸುವವನು ಅದನ್ನು ಕೊಂಡರೆ ನಾನು ಅವನಿಗೆ ಉಪದೇಶ ಮಾಡಲಾರೆ. ಆದರೆ ಹೊಸ ಫೈಬರ್ ದೋಣಿಗೆ ಬೇಕಾದ ಹಣ ನಮ್ಮಲ್ಲಿರಲಿಲ್ಲ. ಗಟ್ಟಿಯಾದ ಉದ್ದಿಮರವುಳ್ಳ ದೋಣಿ ಅಂಗಳದಲ್ಲಿತ್ತು. ಸಾಲ ಮಾಡಿ ಹೊಸದನ್ನು ತಂದು, ಇದ್ದುದನ್ನು ಒಲೆಗೆ ಹಾಕುವುದು ಯಾವ ಅರ್ಥಶಾಸ್ತ್ರವೆಂದು ನನ್ನ ಮಿತ್ರನೇ ಹೇಳಬೇಕು. ನಾನು ಕೊಟ್ಟ ಹಣವಾದರೂ ಎಲ್ಲಿ ಹೋಯಿತು? ಅರ್ಧ ಭಾಗ ನಮ್ಮೂರಿನ ಒಬ್ಬ ಕುಶಲಿಯ ಮನೆಗೆ ಹೋಯಿತು.

ಈ ಕುಶಲಿಯ ವಿಷಯವೇ ನನ್ನ ಮುಖ್ಯ ಮಾತು. ೨೦೨೫ರ ಮೇ ೨೧ರಂದು ನಮ್ಮದೇ ಜಿಲ್ಲೆಯ ಕಾರವಾರದ ನೌಕಾನೆಲೆಯಲ್ಲಿ ‘ಕೌಂಡಿನ್ಯ’ ಎಂಬ ಹಾಯಿಹಡಗು ಭಾರತೀಯ ನೌಕಾಪಡೆಯನ್ನು ಸೇರಿತು. ಅದರ ಹಲಗೆಗಳನ್ನು ಜೋಡಿಸಿದ್ದು ತೆಂಗಿನ ನಾರಿನ ಹಗ್ಗದ ಹೊಲಿಗೆಯಿಂದ. ಅಂತಹ ಹಡಗಿನ ನಕ್ಷೆಯೊಂದೂ ಉಳಿದಿರಲಿಲ್ಲವಾದ್ದರಿಂದ ಅಜಂತಾ ಗುಹೆಯ ಐದನೆಯ ಶತಮಾನದ ಚಿತ್ರವೊಂದನ್ನು ನೋಡಿ ರೂಪವನ್ನು ಊಹಿಸಬೇಕಾಯಿತು. ಆದರೆ ಚಿತ್ರ ಹಡಗನ್ನು ಹೊಲಿಯಲಾರದು. ಹೊಲಿದದ್ದು ಕೇರಳದ ಕುಶಲಕರ್ಮಿಗಳ ಕೈ. ಆ ಕೈಗಳು ಇಂದಿನವರೆಗೆ ಉಳಿದು ಬಂದಿದ್ದರಿಂದ ಗೋಡೆಯ ಮೇಲಿನ ಹಡಗು ನೀರಿಗಿಳಿಯಿತು. ನನಗೆ ಅದರ ಬಗ್ಗೆ ಹೆಮ್ಮೆಯಿದೆ. ಜೊತೆಗೆ ಒಂದು ಚಿಂತೆಯೂ ಇದೆ. ನಮ್ಮ ಆಚಾರಿಯವರ ಇಬ್ಬರು ಮಕ್ಕಳೂ ಬೇರೆ ಕೆಲಸದಲ್ಲಿದ್ದಾರೆ. “ಕೆಲಸ ಇದ್ದರಲ್ಲವೆ ಕಲಿಯೂದು?” ಎಂದು ಅವರೇ ಹೇಳಿದರು. ನಕ್ಷೆಯಿಲ್ಲ, ಪುಸ್ತಕವಿಲ್ಲ, ಸಂದಿಗೆ ಹತ್ತಿಯನ್ನು ಎಷ್ಟು ಬಲವಾಗಿ ಹೊಡೆಯಬೇಕೆಂಬುದು ಅವರ ಕೈಯಲ್ಲಿದೆ. ಇಂದು ಅದನ್ನು ದಿನಕ್ಕೆ ೧,೧೦೦ ರೂಪಾಯಿಗೆ ಪಕ್ಕದಲ್ಲಿ ಕುಳಿತು ನೋಡಬಹುದು. ನಾಳೆ ಅದನ್ನು ಯಾವ ಗೋಡೆಯ ಮೇಲೆ ಹುಡುಕೋಣ?

೨೦೨೪ರಲ್ಲಿ ಅಘನಾಶಿನಿಯ ಅಳಿವೆಯನ್ನು ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿಸಿದರು. ಹೊಳೆಗೆ ಮನ್ನಣೆ ದೊರೆಯಿತು, ಒಳ್ಳೆಯದೇ ಆಯಿತು. ಹೊಳೆಯನ್ನು ಬಲ್ಲವರ ವಿದ್ಯೆಗೆ ಮನ್ನಣೆ ಕೊಡುವ ಕೆಲಸವನ್ನು ನಮ್ಮಂತಹ ಕಾಲೇಜುಗಳು ಮಾಡಬಹುದು. ಹಳೆಯ ದೋಣಿಯೊಂದನ್ನು ತಂದು ಬಣ್ಣ ಬಳಿದು ಕಾಲೇಜಿನ ಎದುರಿಗೆ ನಿಲ್ಲಿಸಿರೆಂದು ನಾನು ಹೇಳುತ್ತಿಲ್ಲ. ಹಾಗೆ ನಿಲ್ಲಿಸಿದರೆ ಮಳೆನೀರು ತುಂಬಿ ಅದೂ ನಮ್ಮ ಅಂಗಳದ ದೋಣಿಯಂತೆಯೇ ಕೊಳೆತೀತು. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ವರ್ಷಕ್ಕೊಂದು ದೋಣಿಯನ್ನು, ಅದನ್ನು ನಿಜವಾಗಿ ಬಳಸುವ ಮನೆಯವರಿಗಾಗಿ, ಆಚಾರಿಯೊಬ್ಬರಿಗೆ ತಕ್ಕ ಕೂಲಿ ಕೊಟ್ಟು ದುರಸ್ತಿ ಮಾಡೋಣ. ಕನ್ನಡ ವಿಭಾಗದವರು ದೋಣಿಯ ಅಂಗಾಂಗಗಳ ಹೆಸರುಗಳನ್ನು ಬರೆದುಕೊಳ್ಳಲಿ, ಚರಿತ್ರೆಯ ವಿಭಾಗದವರು, ಮಿರ್ಜಾನ ಕೋಟೆಯ ಕಾಲದಲ್ಲಿ ಕರಿಮೆಣಸನ್ನು ಹೊತ್ತ ಹೊಳೆಯ ದೋಣಿಗಳನ್ನು ನೆನೆಯಲಿ, ಅರ್ಥಶಾಸ್ತ್ರದವರು ಲೆಕ್ಕವಿಡಲಿ. ನನ್ನ ಮಿತ್ರನಿಗೂ ಕೆಲಸ ಸಿಕ್ಕಂತಾಯಿತು.

ಮಳೆಗಾಲವನ್ನು ಮಡಲಿನ ಚಪ್ಪರದ ಕೆಳಗೆ ಕಳೆದು, ನವರಾತ್ರಿಯಿಂದ ದೋಣಿ ಹೊಳೆಯಲ್ಲಿದೆ. ಚಿಕ್ಕಮ್ಮ ಈಗ ಯಾರಿಗೂ ಪಾಲು ಕೊಡುವುದಿಲ್ಲ. ಅಜ್ಜ ಇಂದಿಗೂ ನನ್ನನ್ನು ಹೊಗಳಿಲ್ಲ. ಮೊದಲ ದಿನ ಸಂಜೆ ನಾನು ಮನೆಗೆ ಬಂದಾಗ, “ನೀರು ಎಷ್ಟು ಬಂತು?” ಎಂದು ಮಾತ್ರ ಕೇಳಿದರು. “ಎರಡು ಚಿಪ್ಪು” ಎಂದೆ. “ನಾಳೆ ಒಂದಾಗ್ತದೆ. ಮರ ಕೂಡ್ಕಂತದೆ” ಎಂದರು. ಮರುದಿನ ಒಂದೇ ಚಿಪ್ಪು ಬಂದಿತ್ತು. ನನ್ನ ಹತ್ತಿರ ಉಳಿದದ್ದು ೨,೫೦೦ ರೂಪಾಯಿ. ಲ್ಯಾಪ್‌ಟಾಪಿಗಾಗಿ ಮತ್ತೆ ಮೊದಲಿನಿಂದ ಕೂಡಿಡಬೇಕು. ಈ ಲೇಖನವನ್ನು ಕೈಯಿಂದಲೇ ಬರೆದು ಸಂಪಾದಕರಿಗೆ ಕೊಟ್ಟಿದ್ದೇನೆ. ಅಕ್ಷರ ಕೆಟ್ಟಿದ್ದರೆ ಅವರು ಕ್ಷಮಿಸಬೇಕು. ಮಿತ್ರನು ಮಾತ್ರ ಒಂದು ರವಿವಾರ ಬಂದು ದೋಣಿಯಲ್ಲಿ ಕುಳಿತು ನೋಡಿ, ಆಮೇಲೆ ವಾದಿಸಲಿ.